ಬೇಕಾದ ವಿಳಾಸದಲ್ಲೇ ಮೆಮೊರಿ ಕೇಳುವುದು ಹೇಗೆ: ಲಿನಕ್ಸ್, ಬಿಎಸ್‌ಡಿ, ಮ್ಯಾಕ್‌ಒಎಸ್, ವಿಂಡೋಸ್‌ಗೆ ಸಮಗ್ರ ಮಾರ್ಗದರ್ಶಿ

ಪ್ರೋಗ್ರಾಂ ಒಂದು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ಗೆ ಹೀಗೆ ಕೇಳಬಹುದು: "ನನಗೆ 1 ಎಂಬಿ ಮೆಮೊರಿ ಬೇಕು, ಅದು ಈ ವಿಳಾಸದಲ್ಲೇ ಬೇಕು." ಯುನಿಕ್ಸ್ ಕುಟುಂಬದಲ್ಲಿ ಇದನ್ನು ಎಂಮ್ಯಾಪ್ ಮೂಲಕ ಕೇಳುತ್ತೇವೆ, ವಿಂಡೋಸ್‌ನಲ್ಲಿ ವರ್ಚುವಲ್‌ಅಲಾಕ್ ಮೂಲಕ. ಎರಡಕ್ಕೂ ಮೊದಲ ಆರ್ಗ್ಯುಮೆಂಟ್ ವಿಳಾಸವೇ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ.

ಕೇಳಿದ ಜಾಗ ಖಾಲಿ ಇದ್ದರೆ ನಿಜವಾಗಿಯೂ ಒಂದೇ ಥರ. ವ್ಯತ್ಯಾಸ ಗೊತ್ತಾಗುವುದು ಆ ಜಾಗದಲ್ಲಿ ಆಗಲೇ ಬೇರೇನೋ ಕೂತಿದ್ದಾಗ. ಲಿನಕ್ಸ್ ನಿಮ್ಮ ವಿಳಾಸವನ್ನು ಪೂರ್ತಿ ಮರೆತು ಎಲ್ಲೋ ದೂರದಲ್ಲಿ ಜಾಗ ಕೊಡುತ್ತದೆ. ಫ್ರೀಬಿಎಸ್‌ಡಿ ಮತ್ತು ಮ್ಯಾಕ್‌ಒಎಸ್ ಆ ವಿಳಾಸದಿಂದ ಮೇಲಕ್ಕೆ ಹುಡುಕುತ್ತಾ ಹೋಗುತ್ತವೆ. ವಿಂಡೋಸ್ ಏನನ್ನೂ ಕೊಡುವುದಿಲ್ಲ. ಹೀಗಾಗಿ ಒಂದೇ ಸಂಖ್ಯೆ ಒಂದು ಕಡೆ ಬರೀ ಸಲಹೆ, ಇನ್ನೊಂದು ಕಡೆ ಹುಡುಕಾಟದ ಆರಂಭ, ಮತ್ತೊಂದು ಕಡೆ ಷರತ್ತು. ಕೋಡ್ ಬರೆದವರ ಯಂತ್ರದಲ್ಲಿ ಆ ಜಾಗ ಸಾಮಾನ್ಯವಾಗಿ ಖಾಲಿಯೇ ಇರುತ್ತದೆ. ಆದ್ದರಿಂದ ಈ ತಪ್ಪುಗಳು ಅಲ್ಲಿ ಕಾಣುವುದಿಲ್ಲ, ಬೇರೆಯವರ ಯಂತ್ರದಲ್ಲಿ ತಿಂಗಳುಗಳ ನಂತರ ಕಾಣುತ್ತವೆ.

ಈ ಮಾರ್ಗದರ್ಶಿ ಸಿ, ಸಿ++ ಅಥವಾ ರಸ್ಟ್‌ನಲ್ಲಿ ಕರ್ನಲ್ ಮಟ್ಟದ ಮೆಮೊರಿ ಕರೆಗಳನ್ನು ನೇರವಾಗಿ ಬಳಸುವವರಿಗೆ. 64 ಬಿಟ್ ಯಂತ್ರಗಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ.

ಹೆಜ್ಜೆ 1: ನಿಮಗೆ ನಿಜವಾಗಿ ಏನು ಬೇಕು ಎಂದು ಮೊದಲು ತೀರ್ಮಾನಿಸಿ

ಬಹಳಷ್ಟು ಕೋಡ್‌ಗೆ ವಿಳಾಸ ಆರಿಸುವ ಅಗತ್ಯವೇ ಇಲ್ಲ. ಶೂನ್ಯ ಕೊಡಿ, ಕರ್ನಲ್ ಆರಿಸಲಿ. ಎಲ್ಲ ಸಿಸ್ಟಂಗಳಲ್ಲೂ ಇದು ಸರಿಯಾಗಿ ನಡೆಯುತ್ತದೆ. ಎರಡು ಪ್ರೊಸೆಸ್‌ಗಳು ಒಂದೇ ಮೆಮೊರಿಯನ್ನು ಹಂಚಿಕೊಂಡು ಒಳಗೆ ಪಾಯಿಂಟರ್ ಇಡಬೇಕು ಎನ್ನುವ ಕಾರಣಕ್ಕೇ ವಿಳಾಸ ಬೇಕೆನಿಸಿದರೆ, ಪಾಯಿಂಟರ್ ಬದಲು ಶುರುವಿನಿಂದ ಎಷ್ಟು ದೂರ ಎನ್ನುವ ಆಫ್‌ಸೆಟ್ ಇಡಿ. ತೊಂದರೆ ಬುಡದಲ್ಲೇ ಕಳೆಯುತ್ತದೆ.

ಆದರೂ ವಿಳಾಸ ಬೇಕೇಬೇಕು ಎನ್ನುವ ಪ್ರೋಗ್ರಾಂಗಳು ಇವೆ, ಅವುಗಳ ಕಾರಣವೂ ಗಟ್ಟಿಯಾಗಿದೆ. ಜಾವಾ ಪ್ರೋಗ್ರಾಂಗಳನ್ನು ಓಡಿಸುವ ಹಾಟ್‌ಸ್ಪಾಟ್ ತನ್ನ ಹೀಪ್ ಅನ್ನು, ಅಂದರೆ ಆಬ್ಜೆಕ್ಟ್‌ಗಳನ್ನಿಡುವ ಜಾಗವನ್ನು, ವಿಳಾಸಾವಕಾಶದ ಮೊದಲ 32 ಜಿಬಿ ಒಳಗೆ ಇಡಲು ನೋಡುತ್ತದೆ. ಹಾಗಾದರೆ 64 ಬಿಟ್ ಪಾಯಿಂಟರನ್ನು 32 ಬಿಟ್‌ಗೆ ಇಳಿಸಿ, ಓದುವಾಗ 8ರಿಂದ ಗುಣಿಸಿದರೆ ಸಾಕು. ಮೆಮೊರಿ ತಪ್ಪುಗಳನ್ನು ಹಿಡಿಯುವ ಸಾಧನ ಅಡ್ರೆಸ್‌ಸ್ಯಾನಿಟೈಜರ್ 64 ಬಿಟ್ ಇಂಟೆಲ್ ಲಿನಕ್ಸ್‌ನಲ್ಲಿ ಪ್ರತಿ ವಿಳಾಸವನ್ನು 8ರಿಂದ ಭಾಗಿಸಿ, 2 ಜಿಬಿಗೆ 32 ಕೆಬಿ ಕಡಿಮೆ ಇರುವ ಒಂದು ಸ್ಥಿರ ಸಂಖ್ಯೆಯನ್ನು ಕೂಡಿಸುತ್ತದೆ. ಪ್ರತಿ ವಿಳಾಸದ ಸ್ಥಿತಿಯನ್ನು ಅದು ಬರೆದಿಡುವ ನೆರಳು ಮೆಮೊರಿ ಅಲ್ಲೇ ಇರಬೇಕು, ಬೇರೆಡೆ ಇದ್ದರೆ ಲೆಕ್ಕವೇ ನಡೆಯುವುದಿಲ್ಲ. ಇನ್ನು ಪ್ರೋಗ್ರಾಂ ಓಡುತ್ತಿರುವಾಗಲೇ ಯಂತ್ರದ ಕೋಡ್ ತಯಾರಿಸುವ ಜಿಟ್ ಕಂಪೈಲರ್‌ಗಳು. ಇಂಟೆಲ್‌ನ ಚಿಕ್ಕ ಕಾಲ್ ಇನ್‌ಸ್ಟ್ರಕ್ಷನ್ ಆಚೀಚೆ 2 ಜಿಬಿ ಮಾತ್ರ ಮುಟ್ಟಬಲ್ಲದು, ಆದ್ದರಿಂದ ಹೊಸ ಕೋಡ್ ಹಳೆಯ ಕೋಡ್‌ನ ಹತ್ತಿರವೇ ಇರಬೇಕು.

ಈ ಉದಾಹರಣೆಗಳಲ್ಲಿ ಬೇಡಿಕೆ ಒಂದೇ ಅಲ್ಲ ಎಂಬುದನ್ನು ಗಮನಿಸಿ. "ಇಲ್ಲೇ ಬೇಕು", "ಇದರ ಕೆಳಗೆ ಎಲ್ಲಾದರೂ ಸರಿ", "ಇದರ ಹತ್ತಿರ ಸಾಕು" ಇವು ಮೂರು ಬೇರೆ ಬೇರೆ ಮಾತುಗಳು. ನಿಮ್ಮದು ಯಾವುದು ಎಂದು ಕೋಡ್‌ನ ಕಾಮೆಂಟ್‌ನಲ್ಲೇ ಬರೆದಿಡಿ. ಮುಂದಿನ ಆಯ್ಕೆಗಳೆಲ್ಲ ಅದರ ಮೇಲೇ ನಿಂತಿವೆ.

ಹೆಜ್ಜೆ 2: ಅಳತೆಗಳನ್ನು ಕೇಳಿ ತಿಳಿದುಕೊಳ್ಳಿ, ಊಹಿಸಬೇಡಿ

ಪೇಜ್, ಅಂದರೆ ಕರ್ನಲ್ ಮೆಮೊರಿ ಹಂಚುವ ಕನಿಷ್ಠ ತುಂಡು, 4 ಕೆಬಿ ಎಂದು ಕೋಡ್‌ನಲ್ಲಿ ಬರೆದುಬಿಡುವ ಅಭ್ಯಾಸ ಇನ್ನೂ ಇದೆ. ಆ್ಯಪಲ್ ಸಿಲಿಕಾನ್ ಮ್ಯಾಕ್‌ಗಳಲ್ಲಿ ಪೇಜ್ 16 ಕೆಬಿ. ಆರ್ಮ್ ಲಿನಕ್ಸ್ ಕರ್ನಲ್ ಅನ್ನು 4, 16, 64 ಕೆಬಿ ಹೀಗೆ ಮೂರರಲ್ಲಿ ಯಾವುದಕ್ಕಾದರೂ ಕಟ್ಟಬಹುದು. ಯುನಿಕ್ಸ್‌ನಲ್ಲಿ ಸಿಸ್‌ಕಾನ್ಫ್ ಕರೆದು ಕೇಳಿ.

ವಿಂಡೋಸ್‌ನಲ್ಲಿ ಎರಡು ಅಳತೆಗಳಿವೆ, ಜನ ಎಡವುವುದು ಇಲ್ಲೇ. ಪೇಜ್ 4 ಕೆಬಿ. ಆದರೆ ಹೊಸ ಜಾಗ ಕಾಯ್ದಿರಿಸುವಾಗ ಶುರುವಿನ ವಿಳಾಸ 64 ಕೆಬಿಯ ಗುಣಕವೇ ಆಗಿರಬೇಕು. ಇದನ್ನು ಅಲೊಕೇಶನ್ ಗ್ರ್ಯಾನ್ಯುಲಾರಿಟಿ ಎನ್ನುತ್ತಾರೆ, ಗೆಟ್‌ಸಿಸ್ಟಂಇನ್ಫೋ ಇದನ್ನು ಹೇಳುತ್ತದೆ. ಇದು ವಿಂಡೋಸ್ ಎನ್‌ಟಿ ಆಲ್ಫಾ ಪ್ರೊಸೆಸರ್ ಮೇಲೂ ಓಡುತ್ತಿದ್ದ ಕಾಲದಿಂದ ಬಂದದ್ದು. ಆಲ್ಫಾದಲ್ಲಿ 32 ಬಿಟ್ ವಿಳಾಸವನ್ನು ಒಂದೇ ಇನ್‌ಸ್ಟ್ರಕ್ಷನ್‌ನಲ್ಲಿ ತುಂಬಲು ಆಗುತ್ತಿರಲಿಲ್ಲ. ಮೇಲಿನ 16 ಬಿಟ್ ಒಂದರಲ್ಲಿ, ಕೆಳಗಿನ 16 ಬಿಟ್ ಇನ್ನೊಂದರಲ್ಲಿ. ಎಲ್ಲವೂ 64 ಕೆಬಿ ಗಡಿಯಲ್ಲಿ ಶುರುವಾದರೆ ಡಿಎಲ್‌ಎಲ್ (ವಿಂಡೋಸ್‌ನ ಲೈಬ್ರರಿ ಫೈಲ್) ಜಾಗ ಬದಲಿಸಿದಾಗ ಮೇಲಿನ ಅರ್ಧವನ್ನು ಮಾತ್ರ ತಿದ್ದಿದರೆ ಸಾಕಿತ್ತು. ಆಲ್ಫಾ ಹೋಯಿತು, ನಿಯಮ ಉಳಿಯಿತು.

ಇದರ ಪರಿಣಾಮ ದೊಡ್ಡದು. ವಿಂಡೋಸ್‌ನಲ್ಲಿ 4 ಕೆಬಿ ಮಾತ್ರ ಕಾಯ್ದಿರಿಸಿದರೂ ಪಕ್ಕದ 60 ಕೆಬಿ ಯಾರಿಗೂ ಸಿಗುವುದಿಲ್ಲ. ಅದರ ಒಳಗಿನ ವಿಳಾಸ ಕೇಳಿದರೆ ವರ್ಚುವಲ್‌ಅಲಾಕ್ ಅದನ್ನು 64 ಕೆಬಿ ಗಡಿಗೆ ಕೆಳಗಿಳಿಸುತ್ತದೆ, ಅಲ್ಲಿ ನಿಮ್ಮದೇ ಹಳೆಯ ಜಾಗ ಸಿಕ್ಕಿ ವಿಫಲವಾಗುತ್ತದೆ. ಫೈಲ್ ಮ್ಯಾಪ್ ಮಾಡುವಾಗ ಫೈಲ್‌ನೊಳಗಿನ ಆಫ್‌ಸೆಟ್ ಕೂಡ 64 ಕೆಬಿಯ ಗುಣಕವೇ ಆಗಿರಬೇಕು. ಎಲ್ಲ ಸಿಸ್ಟಂಗಳಿಗೂ ಒಂದೇ ಕೋಡ್ ಬೇಕಿದ್ದರೆ ಎಲ್ಲವನ್ನೂ 64 ಕೆಬಿಗೆ ಹೊಂದಿಸಿಬಿಡಿ. ಮೇಲೆ ಹೇಳಿದ ಎಲ್ಲ ಪೇಜ್ ಅಳತೆಗಳೂ ಅದರೊಳಗೆ ಕೂರುತ್ತವೆ.

ಹೆಜ್ಜೆ 3: ಒಂದು ಸಣ್ಣ ಪ್ರಯೋಗ ಓಡಿಸಿ

ಓದಿ ತಿಳಿಯುವುದಕ್ಕಿಂತ ಓಡಿಸಿ ನೋಡುವುದು ಒಳ್ಳೆಯದು. ಹತ್ತು ಸಾಲಿನ ಪ್ರೋಗ್ರಾಂ ಸಾಕು. 1 ಟಿಬಿ ಗುರುತಿನಲ್ಲಿ, ಅಂದರೆ ಎರಡರ 40ನೇ ಘಾತದ ವಿಳಾಸದಲ್ಲಿ, 1 ಎಂಬಿ ಕೇಳಿ. ಸಿಕ್ಕಿದ ವಿಳಾಸವನ್ನು ಪ್ರಿಂಟ್ ಮಾಡಿ. ಅದನ್ನು ಬಿಡದೆ, ಅದೇ ವಿಳಾಸದಲ್ಲಿ ಇನ್ನೊಂದು 1 ಎಂಬಿ ಕೇಳಿ. ಅದನ್ನೂ ಪ್ರಿಂಟ್ ಮಾಡಿ. ಯಾವ ವಿಶೇಷ ಫ್ಲ್ಯಾಗೂ ಬೇಡ. ಖಾಸಗಿ, ಅನಾಮಧೇಯ ಮ್ಯಾಪಿಂಗ್ ಅಷ್ಟೇ, ಅಂದರೆ ಬೇರೆಯವರ ಜೊತೆ ಹಂಚದ, ಯಾವ ಫೈಲ್‌ಗೂ ಸೇರದ ಮೆಮೊರಿ.

1 ಟಿಬಿ ಯಾಕೆ? ಅಲ್ಲಿ ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಇನ್ನೂ ಕೆಳಗಿನ ಸಂಖ್ಯೆ ಆರಿಸಿದರೆ ಆ್ಯಪಲ್ ಸಿಲಿಕಾನ್ ಮ್ಯಾಕ್‌ನಲ್ಲಿ ಗೊಂದಲವಾಗುತ್ತದೆ. ಅಲ್ಲಿ ಪ್ರೊಸೆಸ್‌ನ ಮೆಮೊರಿ ನಕ್ಷೆ ತೋರಿಸುವ ವಿಎಂಮ್ಯಾಪ್ ಓಡಿಸಿ ನೋಡಿದರೆ 64 ಜಿಬಿಯಿಂದ 448 ಜಿಬಿವರೆಗಿನ ಜಾಗ ಜಿಪಿಯುಗೆ ಮೀಸಲು ಎಂದು ಕಾಣುತ್ತದೆ.

ಲಿನಕ್ಸ್‌ನಲ್ಲಿ ಮೊದಲ ಉತ್ತರ ಸರಿಯಾಗಿ 1 ಟಿಬಿ. ಎರಡನೆಯದು ವಿಳಾಸಾವಕಾಶದ ತುದಿಯ ಹತ್ತಿರ, 127 ಟಿಬಿ ಆಸುಪಾಸಿನಲ್ಲಿ ಬರುತ್ತದೆ. ಕರ್ನಲ್‌ನ ಒಳಗೆ ನಡೆಯುವುದು ಸರಳ. ಮೊದಲು ನಿಮ್ಮ ವಿಳಾಸವನ್ನು ಪೇಜ್ ಗಡಿಗೆ ಕೆಳಗಿಳಿಸುತ್ತದೆ. ಅಲ್ಲಿ ಕೇಳಿದಷ್ಟು ಉದ್ದ ಖಾಲಿ ಇದೆಯೇ ಎಂದು ಒಮ್ಮೆ ನೋಡುತ್ತದೆ. ಇದ್ದರೆ ಕೊಡುತ್ತದೆ. ಇಲ್ಲದಿದ್ದರೆ ಹಿಂಟ್, ಅಂದರೆ ಸಲಹೆಯ ವಿಳಾಸ, ಕೊಡದವರಿಗೆ ಹೇಗೋ ಹಾಗೆಯೇ, ಮೇಲಿನಿಂದ ಕೆಳಕ್ಕೆ ಹುಡುಕುತ್ತದೆ. "ಹತ್ತಿರ" ಎನ್ನುವ ಲೆಕ್ಕವೇ ಇಲ್ಲಿಲ್ಲ. 1 ಟಿಬಿಗೆ 1 ಎಂಬಿ ಕೂಡಿಸಿದ ವಿಳಾಸದಲ್ಲಿ ಜಾಗ ಖಾಲಿ ಬಿದ್ದಿದ್ದರೂ ಅದು ಸಿಗುವುದಿಲ್ಲ. ಜಿಟ್ ಬರೆಯುವವರು ಇದನ್ನು ನೆನಪಿಡಲೇಬೇಕು. ಲಿನಕ್ಸ್‌ನಲ್ಲಿ ಹತ್ತಿರದ ಜಾಗ ಬೇಕಿದ್ದರೆ ಹುಡುಕುವ ಕೆಲಸ ನಿಮ್ಮದೇ.

ಮ್ಯಾಕ್‌ಒಎಸ್‌ನಲ್ಲಿ ಎರಡನೇ ಉತ್ತರ ಮೊದಲನೆಯದರ ಮೇಲೆ, ಹತ್ತಿರದಲ್ಲೇ ಬರುತ್ತದೆ. ಕರ್ನಲ್ ನಿಮ್ಮ ವಿಳಾಸದಿಂದ ಮೇಲಕ್ಕೆ ಮೊದಲ ಖಾಲಿ ಜಾಗ ಹುಡುಕುತ್ತದೆ. ಅನಾಮಧೇಯ ಮ್ಯಾಪಿಂಗ್‌ಗೆ ತುದಿವರೆಗೂ ಸಿಗದಿದ್ದರೆ ಮಾತ್ರ ಬುಡದಿಂದ ಇನ್ನೊಮ್ಮೆ ಹುಡುಕುತ್ತದೆ. ಫ್ರೀಬಿಎಸ್‌ಡಿಯ ಸ್ವಭಾವವೂ ಇದೇ, ಆದರೆ ಎರಡು ವಿಷಯ ಗೊತ್ತಿರಬೇಕು. ಪ್ರೋಗ್ರಾಂನ ಡೇಟಾ ಸೆಗ್ಮೆಂಟ್ ಬೆಳೆಯಲು ಬಿಟ್ಟಿರುವ ಪ್ರದೇಶದೊಳಗೆ ಹಿಂಟ್ ಬಿದ್ದರೆ ಕರ್ನಲ್ ಅದನ್ನು ಆ ಪ್ರದೇಶದ ಆಚೆಗೆ ತಳ್ಳುತ್ತದೆ. ಇನ್ನೊಂದು, 13.2ರಿಂದ 64 ಬಿಟ್ ಪ್ರೋಗ್ರಾಂಗಳಿಗೆ ಎಎಸ್‌ಎಲ್‌ಆರ್, ಅಂದರೆ ವಿಳಾಸಗಳನ್ನು ಪ್ರತಿ ಬಾರಿ ಕಲಸುವ ವ್ಯವಸ್ಥೆ, ತಾನಾಗಿಯೇ ಆನ್ ಇರುತ್ತದೆ. ಅದು ಆನ್ ಇದ್ದಾಗ ಹಿಂಟ್ ಕೊಟ್ಟರೂ ಸಿಗುವ ವಿಳಾಸ ಸರಿದಿರಬಹುದು. ಪ್ರಯೋಗ ಸ್ಪಷ್ಟವಾಗಿ ಕಾಣಬೇಕಿದ್ದರೆ ಪ್ರೊಕಂಟ್ರೋಲ್ ಬಳಸಿ ಆ ಒಂದು ಓಟಕ್ಕೆ ಆಫ್ ಮಾಡಿ.

ವಿಂಡೋಸ್‌ನಲ್ಲಿ ಎರಡನೇ ಕರೆ ನಲ್ ಹಿಂದಿರುಗಿಸುತ್ತದೆ, ಗೆಟ್‌ಲಾಸ್ಟ್‌ಎರರ್ 487 ಎನ್ನುತ್ತದೆ. ಅಂದರೆ ವಿಳಾಸ ಸರಿಯಿಲ್ಲ ಎಂದು. ನನಗೆ ಈ ನಡವಳಿಕೆಯೇ ಹೆಚ್ಚು ಇಷ್ಟ. ಕೇಳಿದ್ದು ಕೊಡಲಾಗದಿದ್ದರೆ ಹಾಗೆಂದು ನೇರವಾಗಿ ಹೇಳುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಪ್ರಯೋಗದಲ್ಲಿ ಮೆಮ್_ರಿಸರ್ವ್ (ವಿಳಾಸ ಕಾಯ್ದಿರಿಸು) ಮತ್ತು ಮೆಮ್_ಕಮಿಟ್ (ಅಲ್ಲಿ ಬಳಸಬಹುದಾದ ಮೆಮೊರಿ ಕೊಡು) ಎರಡನ್ನೂ ಕೊಡಿ. ಎರಡನೇ ಸಲ ಕಮಿಟ್ ಒಂದನ್ನೇ ಕೊಟ್ಟರೆ ಕರೆ ಯಶಸ್ವಿಯಾಗಿಬಿಡುತ್ತದೆ, ಯಾಕೆಂದರೆ ಆಗಲೇ ಕಮಿಟ್ ಆಗಿರುವ ಪೇಜನ್ನು ಮತ್ತೆ ಕಮಿಟ್ ಮಾಡುವುದು ತಪ್ಪಲ್ಲ. ಆಗ ಎರಡು ಪಾಯಿಂಟರ್‌ಗಳು ಒಂದೇ ಮೆಮೊರಿಯನ್ನು ತೋರಿಸುತ್ತವೆ, ನೀವು ಎರಡು ಬೇರೆ ಜಾಗ ಎಂದುಕೊಂಡಿರುತ್ತೀರಿ.

ಯುನಿಕ್ಸ್ ಕುಟುಂಬದ ಸಾಮಾನ್ಯ ಮಾನದಂಡವಾದ ಪಾಸಿಕ್ಸ್ ಇಲ್ಲಿ ಯಾರನ್ನೂ ಕಟ್ಟಿಹಾಕುವುದಿಲ್ಲ. ಹಿಂಟ್ ಅನ್ನು ಹೇಗೆ ಬಳಸಬೇಕು ಎನ್ನುವುದನ್ನು ಅದು ಆಯಾ ಸಿಸ್ಟಂಗೇ ಬಿಟ್ಟಿದೆ. ಹಿಂಟ್‌ನಿಂದ ಬಂದ ಮ್ಯಾಪಿಂಗ್ ಹಳೆಯ ಮ್ಯಾಪಿಂಗನ್ನು ಅಳಿಸಬಾರದು, ಶೂನ್ಯ ವಿಳಾಸದಲ್ಲಿ ಕೂರಬಾರದು ಎಂಬ ಭರವಸೆಗಳನ್ನು ಮಾತ್ರ ಕೊಡುತ್ತದೆ. ಆದ್ದರಿಂದ ಲಿನಕ್ಸ್ ತಪ್ಪು, ಮ್ಯಾಕ್ ಸರಿ ಎಂದು ವಾದಿಸಿ ಫಲವಿಲ್ಲ.

ಹೆಜ್ಜೆ 4: ಮ್ಯಾಪ್_ಫಿಕ್ಸ್ಡ್ ಏನು ಮಾಡುತ್ತದೆ ಎಂದು ಪೂರ್ತಿ ಅರ್ಥ ಮಾಡಿಕೊಳ್ಳಿ

ಹಿಂಟ್ ಕೈಕೊಟ್ಟಾಗ ಎಲ್ಲರ ಕಣ್ಣೂ ಮೊದಲು ಹೋಗುವುದು ಎಂಮ್ಯಾಪ್‌ನ ಈ ಫ್ಲ್ಯಾಗ್ ಕಡೆ. ಹೆಸರು ನೋಡಿದರೆ "ವಿಂಡೋಸ್ ಥರ, ಇಲ್ಲೇ ಕೊಡು, ಇಲ್ಲದಿದ್ದರೆ ಬೇಡ" ಎನಿಸುತ್ತದೆ. ಹಾಗಲ್ಲ. "ಇಲ್ಲೇ ಕೊಡು, ಅಲ್ಲಿ ಯಾರಿದ್ದರೂ ತೆಗೆದು ಹಾಕು" ಎನ್ನುವುದು ಇದರ ಅರ್ಥ.

ಅಲ್ಲಿ ಸಿ ಲೈಬ್ರರಿಯ ಒಂದು ತುಂಡು ಇತ್ತು ಎಂದುಕೊಳ್ಳಿ. ಕರೆ ಯಶಸ್ವಿಯಾಗುತ್ತದೆ. ನೀವು ಕೇಳಿದ ವಿಳಾಸವೇ ಕೈಗೆ ಬರುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಲೈಬ್ರರಿಯ ಕೋಡ್ ಇದ್ದ ಜಾಗದಲ್ಲಿ ಈಗ ಸೊನ್ನೆಗಳು ತುಂಬಿದ ಹೊಸ ಪೇಜ್‌ಗಳಿವೆ. ಎಷ್ಟೋ ಹೊತ್ತಿನ ನಂತರ ಬೇರೆ ಯಾವುದೋ ಥ್ರೆಡ್ ಪ್ರಿಂಟ್‌ಎಫ್ ಕರೆದು ಅಲ್ಲಿಗೆ ಹಾರುತ್ತದೆ, ಪ್ರೋಗ್ರಾಂ ಸಾಯುತ್ತದೆ. ಡೀಬಗರ್ ತೋರಿಸುವುದು ಪ್ರಿಂಟ್‌ಎಫ್ ಕರೆದ ಸಾಲನ್ನು. ತಪ್ಪು ಮಾಡಿದ ಸಾಲು ಅಷ್ಟರಲ್ಲಿ ಎಲ್ಲೋ ಹಿಂದೆ ಉಳಿದಿರುತ್ತದೆ. ಅಳಿಸಿದ್ದು ಮ್ಯಾಲಾಕ್‌ನ ಜಾಗವಾಗಿದ್ದರೆ ಇನ್ನೂ ಕಷ್ಟ. ಕೆಲವೊಮ್ಮೆ ಪ್ರೋಗ್ರಾಂ ಸಾಯುವುದೂ ಇಲ್ಲ, ತಪ್ಪು ಉತ್ತರ ಕೊಡುತ್ತಾ ಸಾಗುತ್ತದೆ.

"ಮೊದಲು ಲಿನಕ್ಸ್‌ನಲ್ಲಿ ಪ್ರೊಸೆಸ್‌ನ ಮ್ಯಾಪಿಂಗ್‌ಗಳ ಪಟ್ಟಿ ಇರುವ /ಪ್ರಾಕ್/ಸೆಲ್ಫ್/ಮ್ಯಾಪ್ಸ್ ಓದಿ ಜಾಗ ಖಾಲಿ ಇದೆ ಎಂದು ಖಚಿತ ಮಾಡಿಕೊಂಡು, ಆಮೇಲೆ ಮ್ಯಾಪ್_ಫಿಕ್ಸ್ಡ್ ಕೊಟ್ಟರೆ ಆಯ್ತಲ್ವಾ?" ಎಂದು ಕೇಳಬಹುದು. ಒಂದೇ ಥ್ರೆಡ್ ಇದ್ದರೆ ಆದೀತು. ಆದರೆ ಓದುವುದಕ್ಕೂ ಮ್ಯಾಪ್ ಮಾಡುವುದಕ್ಕೂ ನಡುವೆ ಇನ್ನೊಂದು ಥ್ರೆಡ್ ಮ್ಯಾಲಾಕ್ ಕರೆದು ಅದೇ ಜಾಗ ಪಡೆಯಬಹುದು. ನಿಮ್ಮ ಪ್ರೋಗ್ರಾಂನಲ್ಲಿ ಥ್ರೆಡ್ ಇಲ್ಲ ಎಂದು ನೀವೆಂದುಕೊಂಡರೂ ಯಾವುದೋ ಲೈಬ್ರರಿ ಒಂದನ್ನು ಶುರು ಮಾಡಿರಬಹುದು. ನೀವೇ ಮೊದಲು ಕಾಯ್ದಿರಿಸಿದ ಜಾಗದ ಒಳಗೆ ಮಾತ್ರ ಮ್ಯಾಪ್_ಫಿಕ್ಸ್ಡ್ ಸುರಕ್ಷಿತ. ಈ ಒಂದು ನಿಯಮವನ್ನು ಬಿಡದೆ ಪಾಲಿಸಿದರೆ ಅರ್ಧ ಕಷ್ಟ ಹತ್ತಿರ ಸುಳಿಯುವುದಿಲ್ಲ.

ಹೆಜ್ಜೆ 5: "ಇಲ್ಲೇ, ಇಲ್ಲದಿದ್ದರೆ ಬೇಡ" ಎನ್ನುವ ಒಂದು ಫಂಕ್ಷನ್ ಕಟ್ಟಿ

ನಮಗೆ ಬೇಕಾದದ್ದು ಒಂದೇ ನಡವಳಿಕೆ: ಜಾಗ ಖಾಲಿ ಇದ್ದರೆ ಕಾಯ್ದಿರಿಸು, ಇಲ್ಲದಿದ್ದರೆ ಯಾರನ್ನೂ ಮುಟ್ಟದೆ "ಆಗಲ್ಲ" ಅನ್ನು. ಪ್ರತಿ ಸಿಸ್ಟಂನಲ್ಲೂ ಇದಕ್ಕೆ ದಾರಿ ಇದೆ, ಆದರೆ ದಾರಿಯ ಹೆಸರು ಬೇರೆ.

ಲಿನಕ್ಸ್: 2018ರಲ್ಲಿ ಬಂದ 4.17 ಕರ್ನಲ್‌ನಿಂದ ಮ್ಯಾಪ್_ಫಿಕ್ಸ್ಡ್_ನೋರಿಪ್ಲೇಸ್ ಇದೆ. ಜಾಗದಲ್ಲಿ ಏನಾದರೂ ಇದ್ದರೆ "ಆಗಲೇ ಇದೆ" ಎಂಬ ಎರರ್ ಬರುತ್ತದೆ. ಅದಕ್ಕಿಂತ ಹಳೆಯ ಕರ್ನಲ್‌ಗೆ ಈ ಫ್ಲ್ಯಾಗ್ ಗೊತ್ತಿಲ್ಲ. ಗೊತ್ತಿಲ್ಲದ ಫ್ಲ್ಯಾಗನ್ನು ಎಂಮ್ಯಾಪ್ ಸುಮ್ನೆ ಬಿಟ್ಟುಬಿಡುತ್ತದೆ, ವಿಳಾಸ ಬರೀ ಹಿಂಟ್ ಆಗುತ್ತದೆ, ಜಾಗ ಎಲ್ಲೋ ಸಿಗುತ್ತದೆ. ಆದ್ದರಿಂದ ಸಿಕ್ಕಿದ ವಿಳಾಸವನ್ನು ಕೇಳಿದ ವಿಳಾಸದ ಜೊತೆ ಹೋಲಿಸಿ. ಬೇರೆಯಾಗಿದ್ದರೆ ಮನ್ಮ್ಯಾಪ್ ಕರೆದು ಜಾಗ ಹಿಂದಿರುಗಿಸಿ, ವಿಫಲ ಎಂದು ಹೇಳಿ. ಈ ಎರಡು ಸಾಲು ಸೇರಿಸಿದರೆ ಹಳತು ಹೊಸತು ಎರಡರಲ್ಲೂ ಕೋಡ್ ಸರಿಯಾಗಿರುತ್ತದೆ.

ಫ್ರೀಬಿಎಸ್‌ಡಿ: ಮ್ಯಾಪ್_ಫಿಕ್ಸ್ಡ್ ಜೊತೆಗೆ ಮ್ಯಾಪ್_ಎಕ್ಸ್‌ಕ್ಲ್ ಕೊಡಿ. ಎರಡೂ ಸೇರಿದಾಗ ಅಳಿಸುವ ಬದಲು ವಿಫಲವಾಗುತ್ತದೆ.

ಮ್ಯಾಕ್‌ಒಎಸ್: ಎಂಮ್ಯಾಪ್ ಬಿಟ್ಟು ಅದರ ಕರ್ನಲ್‌ನ ಮಾಕ್ ಎಂಬ ಪದರದ ಮಾಕ್_ವಿಎಂ_ಅಲೊಕೇಟ್ ಬಳಸಿ, ವಿಎಂ_ಫ್ಲ್ಯಾಗ್ಸ್_ಫಿಕ್ಸ್ಡ್ ಕೊಡಿ. ಇಲ್ಲಿ ಫಿಕ್ಸ್ಡ್ ಎಂದರೆ ಅಳಿಸುವುದಿಲ್ಲ. ಅಳಿಸಲು ಬೇರೆಯದೇ ಓವರ್‌ರೈಟ್ ಫ್ಲ್ಯಾಗ್ ಕೊಡಬೇಕು. ಒಂದೇ ಕರ್ನಲ್‌ನ ಎರಡು ಪದರಗಳಲ್ಲಿ ಒಂದೇ ಹೆಸರಿನ ಫ್ಲ್ಯಾಗ್ ಎರಡು ಥರ ನಡೆದುಕೊಳ್ಳುತ್ತದೆ, ಇದನ್ನು ಕೋಡ್‌ನಲ್ಲಿ ಕಾಮೆಂಟ್ ಆಗಿ ಬರೆಯದೆ ಬಿಡಬೇಡಿ.

ನೆಟ್‌ಬಿಎಸ್‌ಡಿಯಲ್ಲಿ ಮ್ಯಾಪ್_ಟ್ರೈಫಿಕ್ಸ್ಡ್ ಇದೆ. ಜಾಗ ತುಂಬಿದ್ದರೆ ಅದು ಬೇರೆ ಜಾಗ ಕೊಡುತ್ತದೆ, ಆದ್ದರಿಂದ ಹೋಲಿಸಿ ನೋಡಲೇಬೇಕು. ಉಳಿದ ಯುನಿಕ್ಸ್‌ಗಳಲ್ಲಿ ಬರೀ ಹಿಂಟ್ ಕೊಟ್ಟು, ಹೋಲಿಸಿ, ಬೇರೆಯಾದರೆ ಬಿಟ್ಟುಬಿಡಿ. ವಿಂಡೋಸ್‌ನಲ್ಲಿ ಮೆಮ್_ರಿಸರ್ವ್ ಕೊಟ್ಟ ವರ್ಚುವಲ್‌ಅಲಾಕ್ ತಾನಾಗಿಯೇ ಹೀಗಿದೆ. ಆದರೆ ಅಲ್ಲೂ ಸಿಕ್ಕಿದ ವಿಳಾಸ ಹೋಲಿಸಿ, ಯಾಕೆಂದರೆ 64 ಕೆಬಿ ಗಡಿಗೆ ಇಳಿಸಿರಬಹುದು.

ಸಣ್ಣದಾದರೂ ಮುಖ್ಯವಾದ ಮಾತು: ಎಂಮ್ಯಾಪ್ ವಿಫಲವಾದಾಗ ನಲ್ ಕೊಡುವುದಿಲ್ಲ, ಮ್ಯಾಪ್_ಫೇಲ್ಡ್ ಕೊಡುತ್ತದೆ, ಅಂದರೆ ಮೈನಸ್ ಒಂದು. ವರ್ಚುವಲ್‌ಅಲಾಕ್ ನಲ್ ಕೊಡುತ್ತದೆ. ಒಂದರಿಂದ ಇನ್ನೊಂದಕ್ಕೆ ಕೋಡ್ ಬದಲಿಸುವಾಗ ಈ ಚೆಕ್ ಬದಲಿಸಲು ಮರೆಯುವುದು ತುಂಬ ಸಾಮಾನ್ಯ.

ಈಗ ಈ ಫಂಕ್ಷನ್ ಮೇಲೆ ನಿಮ್ಮ ಹುಡುಕಾಟವನ್ನು ಕಟ್ಟಿ. ಇದಕ್ಕೆ ಗೋ ಭಾಷೆಯ ರನ್‌ಟೈಮ್ ಒಳ್ಳೆಯ ಮಾದರಿ. 1.26 ಆವೃತ್ತಿಗೆ ಮೊದಲು, 64 ಬಿಟ್ ಇಂಟೆಲ್ ಲಿನಕ್ಸ್‌ನಲ್ಲಿ ಅದು ಮೊದಲು 768 ಜಿಬಿ ವಿಳಾಸ ಕೇಳುತ್ತಿತ್ತು. ಸಿಕ್ಕಿದ್ದು ಬೇರೆಯಾದರೆ ಹಿಂದಿರುಗಿಸಿ, ತನ್ನ ಪಟ್ಟಿಯ ಮುಂದಿನ ವಿಳಾಸ ಕೇಳುತ್ತಿತ್ತು, ಅದು 1 ಟಿಬಿ ಮೇಲೆ. ಹೀಗೆ ಒಂದೊಂದು ಟಿಬಿ ಹೆಜ್ಜೆ ಹಾಕುತ್ತಾ ಹೋಗುತ್ತಿತ್ತು. ಕರ್ನಲ್‌ನ ಹುಡುಕಾಟವನ್ನು ಅದು ನಂಬಿಕೊಂಡಿಲ್ಲ. 768 ಜಿಬಿ ಎಂಬ ಆಯ್ಕೆಯೂ ಯೋಚಿಸಿ ಮಾಡಿದ್ದು. ಆ ವಿಳಾಸಗಳ ಬೈಟ್‌ಗಳು ಸರಿಯಾದ ಯುಟಿಎಫ್-8 ಅಕ್ಷರಗಳಾಗುವುದಿಲ್ಲ. ಹಾಗಾಗಿ ಮೆಮೊರಿ ಡಂಪ್‌ನಲ್ಲಿ ಅವು ಪಠ್ಯದ ಜೊತೆ ಬೆರೆಯದೆ ಬೇರೆಯಾಗಿ ಎದ್ದು ಕಾಣುತ್ತವೆ.

"ಹತ್ತಿರ ಸಾಕು" ಎನ್ನುವವರು ತಮ್ಮ ಕೋಡ್‌ನ ವಿಳಾಸದಿಂದ ಆಚೀಚೆ 64 ಕೆಬಿ ಅಥವಾ 1 ಎಂಬಿ ಹೆಜ್ಜೆಯಲ್ಲಿ ಕೇಳುತ್ತಾ ಹೋಗಬಹುದು. ಲಿನಕ್ಸ್‌ನಲ್ಲಿ ಮ್ಯಾಪ್ಸ್ ಫೈಲ್, ಫ್ರೀಬಿಎಸ್‌ಡಿಯಲ್ಲಿ ಪ್ರಾಕ್‌ಸ್ಟ್ಯಾಟ್ ತೋರಿಸುವ ಪಟ್ಟಿ, ವಿಂಡೋಸ್‌ನಲ್ಲಿ ವರ್ಚುವಲ್‌ಕ್ವೆರಿ ಮೊದಲು ನೋಡಿದರೆ ವ್ಯರ್ಥ ಪ್ರಯತ್ನ ಕಡಿಮೆಯಾಗುತ್ತದೆ. ನೋಡಿದ್ದು ಹಳತಾದರೂ ಈಗ ಹೆದರಬೇಕಿಲ್ಲ, ಯಾಕೆಂದರೆ ನಮ್ಮ ಫಂಕ್ಷನ್ ಯಾರನ್ನೂ ಅಳಿಸುವುದಿಲ್ಲ. ವಿಂಡೋಸ್ 10ರ 1803 ಆವೃತ್ತಿಯಿಂದ ವರ್ಚುವಲ್‌ಅಲಾಕ್2 ಇದೆ. ಅದಕ್ಕೆ ಕೆಳಗಿನ ಮಿತಿ, ಮೇಲಿನ ಮಿತಿ, ಅಲೈನ್‌ಮೆಂಟ್ (ವಿಳಾಸ ಯಾವ ಸಂಖ್ಯೆಯ ಗುಣಕವಾಗಿರಬೇಕು ಎಂಬುದು) ಮೂರನ್ನೂ ಕೊಟ್ಟರೆ ಹುಡುಕಾಟವನ್ನು ಕರ್ನಲ್ಲೇ ಮಾಡುತ್ತದೆ. ಈ ವಿಷಯದಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವ ವಿನ್ಯಾಸ ಇದೇ ಎಂದು ನನಗನಿಸುತ್ತದೆ. "32 ಜಿಬಿ ಕೆಳಗೆ ಎಲ್ಲಾದರೂ" ಎನ್ನುವುದನ್ನು ಹಾಗೆಯೇ ಹೇಳಬಹುದು.

ಹೆಜ್ಜೆ 6: ಮೊದಲು ಜಾಗ ಹಿಡಿಯಿರಿ, ಆಮೇಲೆ ತುಂಬಿ

ದೊಡ್ಡ ಜಾಗ ಬೇಕಿದ್ದರೆ ಅದನ್ನು ಮೊದಲೇ, ಪ್ರೋಗ್ರಾಂ ಶುರುವಾಗುವಾಗಲೇ ಕಾಯ್ದಿರಿಸಿ. ಯುನಿಕ್ಸ್‌ನಲ್ಲಿ ಪ್ರಾಟ್_ನನ್, ಅಂದರೆ ಓದಲೂ ಬರೆಯಲೂ ಆಗದ ಮ್ಯಾಪಿಂಗ್. ವಿಂಡೋಸ್‌ನಲ್ಲಿ ಬರೀ ರಿಸರ್ವ್. ಇದಕ್ಕೆ ನಿಜವಾದ ರ‍್ಯಾಮ್ ಖರ್ಚಾಗುವುದಿಲ್ಲ. ಬೇಕಾದಾಗ ಬೇಕಾದ ಭಾಗವನ್ನು ಎಂಪ್ರೊಟೆಕ್ಟ್ ಅಥವಾ ಮೆಮ್_ಕಮಿಟ್ ಮೂಲಕ ತೆರೆಯಿರಿ.

ಪೂರ್ತಿ ಉಚಿತವೂ ಅಲ್ಲ. ಯೂಲಿಮಿಟ್‌ನಲ್ಲಿ ವರ್ಚುವಲ್ ಮೆಮೊರಿಗೆ ಮಿತಿ ಹಾಕಿರುವ ಲಿನಕ್ಸ್ ಸರ್ವರ್‌ನಲ್ಲಿ ಪ್ರಾಟ್_ನನ್ ಕೂಡ ಲೆಕ್ಕಕ್ಕೆ ಬರುತ್ತದೆ, ನಿಮ್ಮ 1 ಟಿಬಿ ಕಾಯ್ದಿರಿಸುವಿಕೆ ಅಲ್ಲೇ ಬೀಳುತ್ತದೆ. ಮಿತಿ ಮೀರಿ ಮೆಮೊರಿಯ ಭರವಸೆ ಕೊಡದಂತೆ ಓವರ್‌ಕಮಿಟ್ ಸೆಟ್ಟಿಂಗನ್ನು 2ಕ್ಕೆ ಇಟ್ಟ ಯಂತ್ರದಲ್ಲಿ ಕಾಯ್ದಿರಿಸುವುದು ಸಲೀಸಾಗಿ ಆಗಿ, ಆಮೇಲೆ ಬರೆಯಲು ತೆರೆಯುವಾಗ ಎಂಪ್ರೊಟೆಕ್ಟ್ ವಿಫಲವಾಗಬಹುದು. ಇನ್ನೊಂದು ಮಿತಿ ಮ್ಯಾಪ್‌ಗಳ ಎಣಿಕೆ. ಲಿನಕ್ಸ್ ಕರ್ನಲ್‌ನ ಸಹಜ ಮಿತಿ ಒಂದು ಪ್ರೊಸೆಸ್‌ಗೆ 65,530. ಒಂದು ಪೇಜ್ ಬಿಟ್ಟು ಒಂದು ಪೇಜ್ ತೆರೆಯುತ್ತಾ ಹೋದರೆ ಪ್ರತಿ ತುಂಡೂ ಒಂದು ಎಣಿಕೆ. ದೊಡ್ಡ ತುಂಡುಗಳಲ್ಲೇ ತೆರೆಯಿರಿ.

ಕಾಯ್ದಿರಿಸಿದ ಜಾಗದೊಳಗೆ ಫೈಲ್ ಕೂರಿಸಬೇಕಿದ್ದರೆ ಯುನಿಕ್ಸ್‌ನಲ್ಲಿ ಮ್ಯಾಪ್_ಫಿಕ್ಸ್ಡ್ ಬಳಸಬಹುದು. ಅದು ನಿಮ್ಮದೇ ಜಾಗ, ಅಳಿಸುವುದೂ ನಿಮ್ಮದನ್ನೇ. ವಿಂಡೋಸ್‌ನಲ್ಲಿ ಇದು ಬಹಳ ಕಾಲ ತಲೆನೋವಾಗಿತ್ತು. ಕಾಯ್ದಿರಿಸಿದ ಜಾಗದ ಮೇಲೆ ಮ್ಯಾಪ್‌ವ್ಯೂಆಫ್‌ಫೈಲ್‌ಎಕ್ಸ್ ಕೂರುವುದಿಲ್ಲ. ಮೊದಲು ಬಿಡಬೇಕು, ಆಮೇಲೆ ಮ್ಯಾಪ್ ಮಾಡಬೇಕು, ನಡುವೆ ಬೇರೆ ಥ್ರೆಡ್ ಆ ಜಾಗ ಕಸಿದುಕೊಳ್ಳಬಹುದು. ಕಸಿದರೆ ಮೊದಲಿನಿಂದ ಪ್ರಯತ್ನಿಸುವ ಲೂಪ್ ಬರೆಯುವುದೊಂದೇ ದಾರಿ. 1803ರಿಂದ ಪ್ಲೇಸ್‌ಹೋಲ್ಡರ್ ಬಂದಿದೆ. ವರ್ಚುವಲ್‌ಅಲಾಕ್2 ಮೂಲಕ ಪ್ಲೇಸ್‌ಹೋಲ್ಡರ್ ಆಗಿ ಕಾಯ್ದಿರಿಸಿ, ವರ್ಚುವಲ್‌ಫ್ರೀ ಮೂಲಕ ತುಂಡು ಮಾಡಿ, ಮ್ಯಾಪ್‌ವ್ಯೂಆಫ್‌ಫೈಲ್3 ಮೂಲಕ ಆ ತುಂಡಿನ ಜಾಗದಲ್ಲಿ ಫೈಲ್ ಕೂರಿಸಿ. ನಡುವೆ ಯಾರೂ ನುಗ್ಗಲು ಸಂದಿಯೇ ಇಲ್ಲ. ಒಂದೇ ಮೆಮೊರಿಯನ್ನು ಅಕ್ಕಪಕ್ಕ ಎರಡು ಸಲ ಮ್ಯಾಪ್ ಮಾಡಿ ರಿಂಗ್ ಬಫರ್ ಕಟ್ಟುವವರಿಗೆ ಇದೇ ಸರಿಯಾದ ದಾರಿ.

ಬಿಡುವಾಗಲೂ ವ್ಯತ್ಯಾಸವಿದೆ. ಮನ್ಮ್ಯಾಪ್ ಯಾವ ಪೇಜನ್ನಾದರೂ, ನಡುವಿನದನ್ನೂ ಬಿಡುತ್ತದೆ. ವಿಂಡೋಸ್‌ನಲ್ಲಿ ಸಾಮಾನ್ಯ ರಿಸರ್ವ್ ಅನ್ನು ಬಿಡುವಾಗ ಮೊದಲ ವಿಳಾಸವನ್ನೇ ಕೊಡಬೇಕು, ಅಳತೆ ಸೊನ್ನೆ ಇರಬೇಕು, ಪೂರ್ತಿ ಹೋಗುತ್ತದೆ. ಲಿನಕ್ಸ್‌ನಲ್ಲಿ ಹೆಚ್ಚು ಕೇಳಿ, ತಲೆ ಬಾಲ ಕತ್ತರಿಸಿ ಅಲೈನ್‌ಮೆಂಟ್ ಸಾಧಿಸುವ ಉಪಾಯ ಅಲ್ಲಿ ನಡೆಯುವುದಿಲ್ಲ.

ಹೆಜ್ಜೆ 7: ಕೆಳಗಿನ ಮತ್ತು ಮೇಲಿನ ಗಡಿಗಳು

ಶೂನ್ಯದ ಹತ್ತಿರ ಯಾರೂ ಜಾಗ ಕೊಡುವುದಿಲ್ಲ. ಅಲ್ಲಿ ಮೆಮೊರಿ ಸಿಕ್ಕರೆ, ಕರ್ನಲ್‌ನಲ್ಲಿ ಎಲ್ಲಾದರೂ ನಲ್ ಪಾಯಿಂಟರ್ ತಪ್ಪು ಇದ್ದಾಗ ಅದನ್ನು ದಾಳಿಗೆ ಬಳಸಬಹುದು. ಲಿನಕ್ಸ್‌ನಲ್ಲಿ ಎಂಮ್ಯಾಪ್_ಮಿನ್_ಅಡ್ರ್ ಎಂಬ ಸೆಟ್ಟಿಂಗ್ ಇದೆ, ಬಹಳಷ್ಟು ಡಿಸ್ಟ್ರೊಗಳಲ್ಲಿ ಅದು 65,536. ಅದಕ್ಕಿಂತ ಕೆಳಗಿನ ಹಿಂಟ್ ಕೊಟ್ಟರೆ ಅಲ್ಲಿಗೆ ಏರಿಸುತ್ತದೆ. ವಿಂಡೋಸ್‌ನಲ್ಲೂ ಕೆಳಗಿನ 64 ಕೆಬಿ ಮುಟ್ಟುವಂತಿಲ್ಲ. ಮ್ಯಾಕ್‌ಒಎಸ್ ಬಹಳ ಕಟ್ಟುನಿಟ್ಟು. 64 ಬಿಟ್ ಪ್ರೋಗ್ರಾಂನಲ್ಲಿ ಮೊದಲ 4 ಜಿಬಿ ಪೂರ್ತಿ ಪೇಜ್‌ಜೀರೊ ಸೆಗ್ಮೆಂಟ್‌ಗೆ ಹೋಗುತ್ತದೆ. 32 ಬಿಟ್‌ಗೆ ಕತ್ತರಿಸಿದ ಪಾಯಿಂಟರ್ ಇದ್ದರೆ ತಕ್ಷಣ ಸಿಕ್ಕಿಬೀಳಲಿ ಎಂದು. "4 ಜಿಬಿ ಕೆಳಗೆ ಬೇಕು" ಎನ್ನುವ ವಿನ್ಯಾಸ ಅಲ್ಲಿ ಓಡುವುದಿಲ್ಲ. ಕೆಳಗಿನ 2 ಜಿಬಿಯನ್ನೇ ನಂಬಿದ್ದ ಹಳೆಯ ಲುವಾಜಿಟ್ (ಲುವಾ ಭಾಷೆಯ ಜಿಟ್ ಕಂಪೈಲರ್) ಬಳಸುವವರು ಇಂಟೆಲ್ ಮ್ಯಾಕ್‌ನಲ್ಲಿ ಲಿಂಕರ್‌ಗೆ ಪೇಜ್‌ಜೀರೊ ಚಿಕ್ಕದು ಮಾಡುವ ಆಯ್ಕೆ ಕೊಡಬೇಕಿತ್ತು. ಆ್ಯಪಲ್ ಸಿಲಿಕಾನ್‌ನಲ್ಲಿ ಆ ದಾರಿಯೂ ಮುಚ್ಚಿದೆ.

ಮೇಲ್ಗಡೆಗೆ ಬಂದರೆ, ಇಂಟೆಲ್ 64 ಬಿಟ್‌ನಲ್ಲಿ ಲಿನಕ್ಸ್ ಪ್ರೋಗ್ರಾಂಗೆ 128 ಟಿಬಿ ಸಿಗುತ್ತದೆ. ವಿಂಡೋಸ್‌ನಲ್ಲಿ 8.1ರಿಂದ ಅಷ್ಟೇ, ಅದಕ್ಕೆ ಮೊದಲು 8 ಟಿಬಿ. ಐದು ಹಂತದ ಪೇಜ್ ಟೇಬಲ್ ಇರುವ ಹೊಸ ಪ್ರೊಸೆಸರ್‌ಗಳಲ್ಲಿ ಜಾಗ 64 ಪಿಬಿಗೆ ಏರುತ್ತದೆ, ಆದರೆ ಲಿನಕ್ಸ್ ಅದನ್ನು ತಾನಾಗಿ ಕೊಡುವುದಿಲ್ಲ. ಎಷ್ಟೋ ಪ್ರೋಗ್ರಾಂಗಳು ಪಾಯಿಂಟರ್‌ನ ಮೇಲಿನ 16 ಬಿಟ್‌ಗಳಲ್ಲಿ ತಮ್ಮದೇ ಗುರುತು ಇಟ್ಟುಕೊಳ್ಳುತ್ತವೆ. ಅಲ್ಲಿ ನಿಜವಾದ ವಿಳಾಸ ಬಂದರೆ ಅವೆಲ್ಲ ಮುರಿಯುತ್ತವೆ. ಆದ್ದರಿಂದ 128 ಟಿಬಿಗಿಂತ ಮೇಲಿನ ಹಿಂಟ್ ಕೊಟ್ಟವರಿಗೆ ಮಾತ್ರ ಆ ಜಾಗ ತೆರೆಯುತ್ತದೆ. ಬರೀ ಸಲಹೆಯಾಗಿದ್ದ ಹಿಂಟ್ ಇಲ್ಲಿ ಒಪ್ಪಿಗೆಯ ಸಹಿಯಾಗಿದೆ. ನನ್ನ ಲೆಕ್ಕದಲ್ಲಿ ಇದು ಹಳೆಯ ಕೋಡ್ ಮುರಿಯದೆ ಹೊಸದನ್ನು ತಂದ ಬಹಳ ಜಾಣ ಆಯ್ಕೆ.

ಹೆಜ್ಜೆ 8: ಜಾಗ ತುಂಬಿದ್ದಾಗ ಏನಾಗುತ್ತದೆ ಎಂಬುದನ್ನೇ ಪರೀಕ್ಷಿಸಿ

ನಿಮ್ಮ ಟೆಸ್ಟ್‌ಗಳಲ್ಲಿ ಮೊದಲು ಬೇಕೆಂದೇ ಆ ವಿಳಾಸದಲ್ಲಿ ಒಂದು ಪೇಜ್ ಇಡಿ, ಅದಕ್ಕೊಂದು ಗುರುತಿನ ಸಂಖ್ಯೆ ಬರೆಯಿರಿ, ಆಮೇಲೆ ನಿಮ್ಮ ಫಂಕ್ಷನ್ ಕರೆಯಿರಿ. ಎರಡನ್ನು ನೋಡಿ: ಫಂಕ್ಷನ್ ವಿಫಲ ಎಂದಿತೇ, ಮತ್ತು ಗುರುತಿನ ಸಂಖ್ಯೆ ಹಾಗೇ ಉಳಿದಿದೆಯೇ. ಎರಡನೆಯದನ್ನು ನೋಡದಿದ್ದರೆ ಅಳಿಸಿದ್ದು ಗೊತ್ತಾಗುವುದೇ ಇಲ್ಲ. ನಡುವಿನ ಒಂದೇ ಪೇಜ್ ತುಂಬಿದ್ದಾಗ, ಕೊನೆಯ ಪೇಜ್ ಮಾತ್ರ ತುಂಬಿದ್ದಾಗ ಹೇಗೆ ಎಂದೂ ನೋಡಿ.

ಲಿನಕ್ಸ್‌ನಲ್ಲಿ ಸೆಟ್‌ಆರ್ಚ್‌ನ ದೊಡ್ಡ ಆರ್ ಆಯ್ಕೆ ಕೊಟ್ಟು ಎಎಸ್‌ಎಲ್‌ಆರ್ ಇಲ್ಲದೆ ಓಡಿಸಿದರೆ ತಪ್ಪು ಪ್ರತಿ ಸಲ ಒಂದೇ ಥರ ಬರುತ್ತದೆ, ಹಿಡಿಯುವುದು ಸುಲಭ. ಆದರೆ ಕೊನೆಯ ತೀರ್ಪಿಗೆ ಎಎಸ್‌ಎಲ್‌ಆರ್ ಆನ್ ಇಟ್ಟೇ ಸಾವಿರಾರು ಸಲ ಓಡಿಸಿ. ಇಂಟೆಲ್ 64 ಬಿಟ್ ಲಿನಕ್ಸ್‌ನಲ್ಲಿ ಎಂಮ್ಯಾಪ್ ಶುರುವಾಗುವ ಜಾಗ ಸಹಜವಾಗಿ 28 ಬಿಟ್‌ನಷ್ಟು, ಅಂದರೆ 4 ಕೆಬಿ ಪೇಜ್‌ಗಳ ಲೆಕ್ಕದಲ್ಲಿ 1 ಟಿಬಿ ವ್ಯಾಪ್ತಿಯಲ್ಲಿ ಅಲುಗಾಡುತ್ತದೆ. ಹತ್ತು ಸಲ ಓಡಿ ಪಾಸಾದರೆ ಏನೂ ಸಾಬೀತಾಗುವುದಿಲ್ಲ. ಅಡ್ರೆಸ್‌ಸ್ಯಾನಿಟೈಜರ್ ಜೊತೆಗೂ ಒಮ್ಮೆ ಓಡಿಸಿ. ಅದು ತನಗೆಂದು ಟಿಬಿಗಟ್ಟಲೆ ಜಾಗ ಹಿಡಿದಿರುತ್ತದೆ, ನೀವು ಖಾಲಿ ಎಂದು ನಂಬಿದ್ದ ವಿಳಾಸ ಅದರೊಳಗೇ ಇದ್ದರೆ ಆ ಓಟದಲ್ಲೇ ಗೊತ್ತಾಗುತ್ತದೆ.